ಮಬೇಲಾದ ಚೈನ್ ಬ್ಲಾಕ್ ಮತ್ತು ನನ್ನ ಎರಡು ಹೇಳಿಕೆಗಳು

ನಾನು ಆಡದ ಮಾತನ್ನು ನನ್ನದೆಂದು ದುಭಾಷಿ ನನಗೇ ಹಿಂದಿಯಲ್ಲಿ ಓದಿ ಹೇಳಿದಳು: "ಬೇಡವೆಂದರೂ ಕೇಳದೆ ಲ್ಯಾನ್ಸಿ ತೊಲೆಯ ಕೆಳಗೆ ಹೋದ." ಅಡಿಯಲ್ಲಿ ನನ್ನದೇ ಸಹಿ.

ಮಸ್ಕತ್ತಿನ ಪ್ರಾಸಿಕ್ಯೂಷನ್ ಕಚೇರಿಯಲ್ಲಿ ನನ್ನ ಮೈ ಉರಿಯಿತು. ಅಲ್ ಮಬೇಲಾದ ಒಂದು ವರ್ಕ್‌ಶಾಪಿನಲ್ಲಿ ನಾನು ಸ್ಟೋರ್ ಕೀಪರ್. ಭಾರ ಎತ್ತುವ ಚೈನ್ ಬ್ಲಾಕಿನ ಕೊಕ್ಕೆ ಸವೆದಿದೆ ಎಂದು ಎರಡು ಸಲ ಬರೆದು ಕೊಟ್ಟಿದ್ದೆ. ಆದರೂ ಸೂಪರ್‌ವೈಸರ್ "ಯಲ್ಲಾ, ಬೇಗ" ಎಂದು ಕುಂದಾಪುರದ ವೆಲ್ಡರ್ ಲ್ಯಾನ್ಸಿಯಣ್ಣನನ್ನು ಕಬ್ಬಿಣದ ತೊಲೆಯ ಕೆಳಗೆ ಕಳಿಸಿದ. ಕೊಕ್ಕೆ ಬಿಟ್ಟು ತೊಲೆ ಅವರ ಕಾಲ ಮೇಲೆ ಬಿದ್ದಾಗ ನಾನು ಎರಡು ಮಾರು ದೂರದಲ್ಲಿದ್ದೆ. ಇಂದಿಗೂ ಅಂಗಡಿಯ ಶಟರ್ ಎಳೆದ ಸದ್ದಿಗೆ ಕೈ ತಲೆಯ ಮೇಲೆ ಹೋಗುತ್ತದೆ.

ಸಹಿ ಹೇಗೆ ಬಂತು? ಮರುದಿನ ಮಂದೂಬ್, ಎಂದರೆ ಕಂಪನಿಯ ಸರಕಾರಿ ಕಾಗದಗಳಿಗೆ ಓಡಾಡುವವನು, ಅರಬಿಯ ಹಾಳೆಯೊಂದನ್ನು ಹಿಡಿದು ಬಂದ. "ಮೇಡಂ, ಇನ್ಶೂರೆನ್ಸಿಗೆ. ಸೈನ್ ಮಾಡಿ, ಖಲಾಸ್." ವೀಸಾ, ಲೇಬರ್ ಕಾರ್ಡ್, ಎಲ್ಲಕ್ಕೂ ಇಲ್ಲಿ ನಾವು ಓದದೆಯೇ ಸಹಿ ಹಾಕುತ್ತೇವೆ. ಡಿಗ್ರಿ ಮಾಡಿದ ನಾನೂ ಹಾಕಿದೆ.

ಸ್ಕೂಟರ್ ಅಪಘಾತವೊಂದಕ್ಕೆ ಹಿಂದೊಮ್ಮೆ ಉಡುಪಿಯ ಮ್ಯಾಜಿಸ್ಟ್ರೇಟರ ಮುಂದೆ ಸಾಕ್ಷಿ ಹೇಳಿದ್ದೆ. ಬರೆಸಿದ್ದನ್ನು ಕನ್ನಡದಲ್ಲಿ ಓದಿಸಿ, "ಸರಿ ಇದೆಯೇನಮ್ಮಾ?" ಎಂದು ಕೇಳಿದ್ದರು. ದೊಡ್ಡ ಕೇಸಾದರೆ ಆರಂಭದ ಕೆಲಸ ಮುಗಿಸಿ ಮೇಲಿನ ಕೋರ್ಟಿಗೆ ಕಳಿಸುವುದೂ ಅವರೇ. ಇಲ್ಲಿ ಆ ಜಾಗದಲ್ಲಿ ಪ್ರಾಸಿಕ್ಯೂಷನ್ ಅಧಿಕಾರಿ ಕೂತಿದ್ದರು.

"ತೀರ್ಪು ಕೊಡುವವನು ನಾನಲ್ಲ," ಎಂದರು. "ನಾನು ಬರೆಸುತ್ತೇನೆ, ನ್ಯಾಯಾಧೀಶರು ಓದುತ್ತಾರೆ."

ಅಂದರೆ ನ್ಯಾಯಾಧೀಶರ ಕಣ್ಣಿಗೆ ಮೊದಲು ಬೀಳುವುದು ಈ ಸುಳ್ಳು. ಕಾಲು ಮುರಿದವನದೇ ತಪ್ಪಾಗುತ್ತದೆ.

"ಇದು ನನ್ನ ಮಾತಲ್ಲ ಎಂದು ಬರೆಯಿರಿ," ಎಂದೆ.

"ಮತ್ತೆ ಸಹಿ?"

"ಓದದೆ ಹಾಕಿದ್ದು ನನ್ನ ತಪ್ಪು. ಅದನ್ನೂ ಬರೆಯಿರಿ."

ಕೊಕ್ಕೆ ಸವೆದದ್ದನ್ನೂ ಸೂಪರ್‌ವೈಸರ್ ಕೆಳಗೆ ಕಳಿಸಿದ್ದನ್ನೂ ಹೇಳಿದೆ, ಎಲ್ಲವನ್ನೂ ಬರೆಸಿದರು. ಎರಡು ಸಲ ಓದಿಸಿ ಕೇಳಿಯೇ ಸಹಿ ಹಾಕಿದೆ.

ಹೊರಗೆ ಮಂದೂಬ್ ಅಡ್ಡ ನಿಂತ. "ನಿಮ್ಮ ವೀಸಾ ಯಾರ ಕೈಯಲ್ಲಿದೆ, ಮರೆತಿರಾ?" ಸಿಟ್ಟಿಗೆ ನನ್ನ ಬಾಯಿಂದ ಹಿಂದಿ ಹೊರಡಲಿಲ್ಲ. ತುಳುವಿನಲ್ಲಿ ಬೈದೆ. ಅರ್ಥವಾಗಿರಬೇಕು, ದಾರಿ ಬಿಟ್ಟ.

ಬೌಷರಿನ ಆಸ್ಪತ್ರೆಯಲ್ಲಿ ಲ್ಯಾನ್ಸಿಯಣ್ಣನಿಗೆ ಎಲ್ಲ ಹೇಳಿದೆ. "ಎಂತ ಮಾರಾಯ್ತಿ, ಇನ್ನು ನಿನ್ನ ಕೆಲಸ?" ಎಂದವರು ಗೋಡೆಯ ಕಡೆ ಮುಖ ತಿರುಗಿಸಿದರು. ಅಳುತ್ತಿದ್ದರು.

"ಅಕ್ಕ, ಎಲ್ಲ ಬಿಟ್ಟು ಬಾ," ಎಂದು ತಂಗಿ ದಿನವೂ ಫೋನಿನಲ್ಲಿ ಹಟ ಹಿಡಿಯುತ್ತಾಳೆ. ಮನಸ್ಸೂ ಉಡುಪಿಗೇ ಎಳೆಯುತ್ತದೆ. ಆದರೆ ಫೈಲು ನ್ಯಾಯಾಧೀಶರ ಬಳಿ ಹೋಗಿದೆ, ಕರೆದರೆ ನಾನು ಎದುರಿಗಿರಬೇಕು. ರಜೆಯ ಟಿಕೆಟ್ ರದ್ದು ಮಾಡಿದೆ. ಏಳು ವರ್ಷ ಸಂಬಳಕ್ಕಾಗಿ ಈ ಊರಲ್ಲಿದ್ದೆ. ಈಗ ಕಂಡದ್ದನ್ನು ಹೇಳಲು ಇದ್ದೇನೆ.