ಗ್ಯಾಲರಿಯ ಲೇತ್

ನಮ್ಮ ವಾಷಿಂಗ್ ಮಷೀನ್ ತಾನಾಗಿ ಕೆಟ್ಟಿತೆಂದು ನಾನು ಒಂದು ಕ್ಷಣವೂ ನಂಬಲಿಲ್ಲ. ನಮ್ಮನೆಯವರಿಗೆ ಮೋಟಾರು ಬೇಕಾದ ವಾರವೇ ಅದು ಕೆಡುವುದೆಂದರೇನು? ನಿವೃತ್ತಿಯಾದ ಮೇಲೆ ಅವರಿಗೊಂದು ಹುಚ್ಚು ಹಿಡಿದಿತ್ತು. ಮರ ಕಡೆಯುವ ಸಣ್ಣ ಲೇತ್ ಮನೆಯಲ್ಲೇ ಇಟ್ಟುಕೊಂಡು ಮೊಮ್ಮಗಳಿಗೆ ಬುಗುರಿ, ನನಗೆ ಲಟ್ಟಣಿಗೆ ಮಾಡಿಕೊಡಬೇಕಂತೆ. ನಾನೆಲ್ಲಿ ಲಟ್ಟಣಿಗೆ ಕೇಳಿದ್ದೆ?

ಲೇತ್ ಕೊಂಡುಬಿಡಿ ಅಂದೆ. ಪುಣೆ ಪಕ್ಕದ ಪಿಂಪ್ರಿಯ ಒಂದು ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನ ಮರಾಠಿಯಲ್ಲಿ ಸಕ್ಕರೆ ಜಾಸ್ತಿಯಾಗಿತ್ತು, ನನಗೆ ಅವನ ಮೇಲೂ ಅನುಮಾನ. ಹೊಸದೆಂದು ತೋರಿಸಿದ ಲೇತಿನ ತಳದಲ್ಲಿ ತುಕ್ಕಿತ್ತು. ಆದರೆ ನಿಜವಾಗಿ ಚೆನ್ನಾಗಿದ್ದ ಇನ್ನೊಂದರಲ್ಲೂ ನಮ್ಮನೆಯವರು ಹುಳುಕು ತೆಗೆದರು. ಚಿಂಚವಾಡದ ಕಾರ್ಖಾನೆಯಲ್ಲಿ ಆಯುಷ್ಯವಿಡೀ ಬೇರೆಯವರ ಕೆಲಸ ತಪಾಸಣೆ ಮಾಡಿದ ಮನುಷ್ಯ, ಬಾಯಿಗೆ ಬಂದ ಕಾರಣ ಹೇಳುವವರಲ್ಲ. ಆ ದಿನ ಹೇಳಿದರು. ಇವರಿಗೆ ಲೇತ್ ಬೇಕಾಗಿಲ್ಲ, ತಮ್ಮ ಕೈಯಾರೆ ಕಟ್ಟುವುದೇ ಬೇಕಾಗಿದೆ ಅನ್ನಿಸಿತು.

ಯಾಕೆಂಬ ಅನುಮಾನವೂ ಇತ್ತು. ಕೆಲವು ತಿಂಗಳಿಂದ ಅವರು ಚಹಾವನ್ನು ಕಪ್ಪಿನಿಂದ ಬಸಿಗೆ ಸುರುವಿಕೊಂಡು ಕುಡಿಯುವುದನ್ನು ಬಿಟ್ಟಿದ್ದರು. ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಚಳಿ ಅನ್ನುತ್ತಿದ್ದರು. ಪುಣೆಯ ಏಪ್ರಿಲ್‌ನಲ್ಲಿ ಎಂಥ ಚಳಿ! ಬಲಗೈ ನಡುಗುತ್ತದೆಯೇ, ಅದಿನ್ನೂ ಗಟ್ಟಿಯೆಂದು ತೋರಿಸಲೇ ಈ ಲೇತ್ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ತಿರುಗುವ ಮರಕ್ಕೆ ಉಳಿ ಹಿಡಿದ ಕೈ ನಡುಗಿದರೆ ಬೆರಳು ಉಳಿಯುತ್ತದೆಯೇ? ಗ್ಯಾಲರಿಯಲ್ಲಿ, ಅಂದರೆ ನಮ್ಮ ಬಾಲ್ಕನಿಯಲ್ಲಿ, ಅವರು ಲೇತ್ ಕಟ್ಟತೊಡಗಿದರು; ಡ್ರಿಲ್ ಸದ್ದಾದಾಗಲೆಲ್ಲ ಜೀವ ಕೈಯಲ್ಲಿ ಹಿಡಿದು ಕೂತಿರುತ್ತಿದ್ದೆ.

ಕೊನೆಗೂ ಲೇತ್ ಮುಗಿಯಿತು. ವಾಷಿಂಗ್ ಮಷೀನಿನ ಮೋಟಾರು ಕೂರಿಸಿ, ಮೇಲೆ ಹಸಿರು ಬಣ್ಣ ಬಳಿದಿದ್ದರು. ಆದರೆ ಗುಂಡಿ ಒತ್ತದೆ ನನ್ನನ್ನು ಕರೆದರು.

"ನೀ ತಪಾಸ್ ಮಾಡು. ಮಾಡಿದಾಂವ ತನ್ನ ಕೆಲಸ ತಾನ ಪಾಸ್ ಮಾಡಬಾರದು. ನಮ್ಮ ಕಾರ್ಖಾನಿ ಪದ್ಧತಿ ಅದು."

ನನಗೇನು ಗೊತ್ತು ಲೇತ್? ಅನುಮಾನ ಪಡುವುದು ಗೊತ್ತು, ಅಷ್ಟೇ. ಮರದ ತುಂಡು ಎರಡು ಮೊನೆಗಳ ನಡುವೆ ಸಿಕ್ಕಿ ತಿರುಗಬೇಕು, ಹಾಗಾಗಿ ಆ ಮೊನೆಗಳು ನೇರ ಎದುರುಬದುರು ಇರಬೇಕೆಂದು ಅವರೇ ಎಷ್ಟೋ ಸಲ ಹೇಳಿದ್ದರು. ಎರಡನ್ನೂ ಹತ್ತಿರ ಸರಿಸಿ ನೋಡಿದೆ. ಮೊನೆಗೆ ಮೊನೆ ಸೇರಲಿಲ್ಲ. ಬಗ್ಗಿ ಬೆರಳಾಡಿಸಿದೆ. ಬೋಲ್ಟಿನ ಪಕ್ಕದಲ್ಲಿ, ಬಣ್ಣದ ಕೆಳಗೆ, ಕೊರೆದು ತಪ್ಪಿ ಮತ್ತೆ ಮುಚ್ಚಿದ ತೂತುಗಳಿದ್ದವು.

ಪಾಸ್ ಅಂದರೆ ಅವರ ಬೆರಳು ಹೋಗುತ್ತದೆ. ಇಲ್ಲ ಅಂದರೆ, ನಿಮ್ಮ ಕೈಯೇ ಹೋಗಿದೆ ಎಂದು ನಾನೇ ಬಾಯಿಬಿಟ್ಟು ಹೇಳಿದ ಹಾಗೆ. ಹಾಳಾದ ಲೇತ್! ಎಷ್ಟು ಸಂಕಟವಾಯಿತೆಂದರೆ ಅದನ್ನೆತ್ತಿ ಗ್ಯಾಲರಿಯಿಂದ ಕೆಳಗೆ ಒಗೆಯಬೇಕೆನ್ನಿಸಿತು.

"ಪಾಸ್ ಇಲ್ರಿ," ಅಂದೆ.

ವಾದಕ್ಕೆ ನಿಲ್ಲುತ್ತಾರೆ ಅಂದುಕೊಂಡಿದ್ದೆ. ಅವರು ಬಲಗೈಯನ್ನು ನನ್ನ ಮುಂದೆ ಚಾಚಿದರು.

"ಇದನ್ನೂ ನೋಡು," ಅಂದರು.

ಮರುದಿನ ಡಾಕ್ಟರ ಹತ್ತಿರ ಹೋಗುವಾಗ, ರಿಕ್ಷಾದಲ್ಲಿ, ಆ ಕೈ ನನ್ನ ಮುಷ್ಟಿಯೊಳಗೂ ನಡುಗುತ್ತಿತ್ತು. ಏನಾದರೂ ಮಾತು ಬೇಕೆಂದು, ವಾಷಿಂಗ್ ಮಷೀನ್ ನಿಜಕ್ಕೂ ಕೆಟ್ಟಿತ್ತೇ ಎಂದು ಕೇಳಿದೆ.

"ಇಲ್ಲ. ಚಲೋನ ಇತ್ತು."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇವರ ಮೇಲೆ ಸಿಟ್ಟು ಮಾಡುವ ಕಾಲ ಮುಗಿಯಿತೇ ಎಂದು ಆಗಲೇ ನನಗೆ ನಿಜವಾದ ಹೆದರಿಕೆಯಾದದ್ದು.