ನಲವತ್ತನೆಯ ಪುಟದ ತ್ರಿಕೋನ

ಪ್ರೇಮಕ್ಕನಿಗೆ ದಿನದಲ್ಲಿ ತನ್ನದೆಂದು ಇದ್ದದ್ದು ಬಸ್ಸಿನ ಮುಕ್ಕಾಲು ಗಂಟೆ ಮಾತ್ರ. ಸುರಪುರದ ಕಡೆಯಿಂದ ಬಂದು ಹದಿನೈದು ವರ್ಷವಾಗಿದ್ದ ಆಕೆ ಇಂದಿರಾನಗರದ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿ ಮಗ, ಸೊಸೆ, ಟಿ.ವಿ. ಎಲ್ಲವೂ ಒಟ್ಟಿಗೆ ಮಾತನಾಡುತ್ತಿದ್ದವು. ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತೆಂದರೆ ಚೀಲದಿಂದ ಪುಸ್ತಕ ಹೊರಬರುತ್ತಿತ್ತು. ದೆವ್ವದ ಕತೆ, ಇಲ್ಲವೆ ಪತ್ತೇದಾರಿ. ಬೇರೆ ಯಾವುದೂ ಅವಳಿಗೆ ರುಚಿಸದು. ಬರುವ ಯುಗಾದಿಯೊಳಗೆ ಐವತ್ತು ಪುಸ್ತಕ ಮುಗಿಸಬೇಕೆಂದು ಆ ವರ್ಷ ನಿಶ್ಚಯಿಸಿ, ಓದಿದ್ದರ ಹೆಸರನ್ನೆಲ್ಲ ಕ್ಯಾಲೆಂಡರಿನ ಹಿಂಬದಿಗೆ ಬರೆಯುತ್ತಿದ್ದಳು.

ಪುಸ್ತಕ ಸಿಗುತ್ತಿದ್ದದ್ದು ಹಲಸೂರಿನಲ್ಲಿ, ಅಸ್ಗರ್ ಎಂಬವನ ಅಂಗಡಿಯಲ್ಲಿ. ಬಾಡಿಗೆಗೆ ಪುಸ್ತಕ ಕೊಡುವ ಆ ಅಂಗಡಿ ಅವನ ತಂದೆಯ ಕಾಲದ್ದು. ಅಲ್ಲಿನ ಓದುಗರಲ್ಲಿ ಒಂದು ಹಳೆಯ ರೂಢಿಯಿತ್ತು. ಓದಿದ ಪುಸ್ತಕವನ್ನೇ ಮರೆತು ಮತ್ತೆ ಒಯ್ಯಬಾರದೆಂದು ಪ್ರತಿಯೊಬ್ಬರೂ ತಮಗೆ ಬೇಕಾದ ಒಂದು ಪುಟ ಆರಿಸಿಕೊಂಡು, ಅದರ ಮೂಲೆಯಲ್ಲಿ ತಮ್ಮದೇ ಗುರುತು ಹಾಕುತ್ತಿದ್ದರು. ಪ್ರೇಮಕ್ಕನದು ಇಪ್ಪತ್ತೊಂದನೆಯ ಪುಟದಲ್ಲಿ ಪುಟ್ಟ ನಕ್ಷತ್ರ. ಕಪಾಟಿನಿಂದ ಪುಸ್ತಕ ತೆಗೆದವಳು ಮೊದಲು ಆ ಪುಟ ನೋಡುವಳು. ನಕ್ಷತ್ರವಿಲ್ಲದಿದ್ದರೆ ಪುಸ್ತಕ ಚೀಲಕ್ಕೆ ಇಳಿಯುವುದು.

ಆಷಾಢದಲ್ಲಿ ಕೇಡು ಶುರುವಾಯಿತು. ಬಸ್ಸಿನಲ್ಲಿ ಪುಸ್ತಕ ತೆರೆದರೆ ಮೊದಲ ಪುಟದ ನೆತ್ತಿಯ ಮೇಲೆ ಹಸಿರು ಶಾಯಿಯಲ್ಲಿ ದುಂಡಗೆ ಬರೆದಿತ್ತು: ‘ಕೊಂದವನು ಮಾಲಿ.’ ಮಾಲಿ ಕತೆಯೊಳಗೆ ಕಾಲಿಡುವ ಮೊದಲೇ ಸಿಕ್ಕಿಬಿದ್ದಿದ್ದ. ಮುಂದಿನ ವಾರ, ‘ದೆವ್ವವಲ್ಲ, ಚಿಕ್ಕಮ್ಮ.’ ದೀಪಾವಳಿ ಬರುವಷ್ಟರಲ್ಲಿ ಹನ್ನೊಂದು ಪುಸ್ತಕಗಳು ಹೀಗೆ ಕೆಟ್ಟುಹೋದವು. ಆ ದಿನಗಳಲ್ಲಿ ಅವಳು ಬಡಿದ ರೊಟ್ಟಿಗಳೆಲ್ಲ ಕಾಗದದಷ್ಟು ತೆಳ್ಳಗಾಗಿದ್ದವೆಂದು ಖಾನಾವಳಿಯವರು ಹೇಳುತ್ತಾರೆ.

“ಯಾರ್ ಬರದಾರ್ರಿ ಇದು, ಅಸ್ಗರಣ್ಣ?”

“ನಂಗೇನ್ ಗೊತ್ತು ಅಕ್ಕಾ? ಒಂದೊಂದು ಬುಕ್ಕೂ ಎಷ್ಟು ಜನ ಮುಟ್ತಾರೆ. ದೆವ್ವಾನೇ ಬರ್ದಿರ್ಬೇಕು.”

“ದೆವ್ವ ಆದ್ರ ಬಿಡ್ತೀನಿ. ಮನುಷ್ಯಾ ಆಗಿರ್ಲಿ, ನೋಡ್ಕೋತೀನಿ ಅವನ್ನ.”

ಇಷ್ಟು ವರ್ಷ ಓದಿದ ಪತ್ತೇದಾರಿ ವ್ಯರ್ಥವಾಗಲಿಲ್ಲ. ಒಂದು ಶನಿವಾರ ಕೆಲಸ ಮುಗಿಸಿ ಬಂದು, ಆ ಹನ್ನೊಂದನ್ನೂ ಕಪಾಟಿನಿಂದ ಇಳಿಸಿಕೊಂಡು ನೆಲದ ಮೇಲೆ ಕುಳಿತಳು. ಪುಟ ಪುಟ ಮಗುಚಿ ಗುರುತುಗಳನ್ನು ಹುಡುಕಿದಳು. ಒಂದರಲ್ಲಿದ್ದ ಚುಕ್ಕೆ ಇನ್ನೊಂದರಲ್ಲಿಲ್ಲ. ಅಂಗಡಿಗೆ ಬರುವ ಇನ್ನೊಬ್ಬ ಓದುಗಳು ಚಿಕ್ಕಮುನಿಯಮ್ಮನ ‘ಚಿ’ ಮೂರರಲ್ಲಿ ಮಾತ್ರ ಇತ್ತು. ತನ್ನ ನಕ್ಷತ್ರವನ್ನು ಬಿಟ್ಟರೆ ಹನ್ನೊಂದರಲ್ಲೂ ಇದ್ದದ್ದು ಒಂದೇ ಒಂದು ಗುರುತು: ನಲವತ್ತನೆಯ ಪುಟದಲ್ಲಿ ತ್ರಿಕೋನ, ಅದೂ ಹಸಿರು ಶಾಯಿಯದು.

ಅಲ್ಲೇ ಕಾದಳು. ಐದು ಗಂಟೆಗೆ ಪ್ರಭುಲಿಂಗ ಬಂದ. ದಾವಣಗೆರೆಯ ಕಡೆಯವನು, ಯಾವುದೋ ಕಂಪನಿಯಲ್ಲಿ ಸೂಪರ್‌ವೈಸರು, ಇಸ್ತ್ರಿ ಮಾಡಿದ ಅಂಗಿ. ಮಿಕ್ಕವರೆಲ್ಲ ಓದಿ ಹಿಂದಿರುಗಿಸುವಾಗ ಗುರುತು ಹಾಕಿದರೆ ಇವನು ಒಯ್ಯುವ ಮೊದಲೇ ಹಾಕುವವನು. ಬೆರಳಿಗೆ ಎಂಜಲು ಹಚ್ಚಿ ನಲವತ್ತನೆಯ ಪುಟ ತೆರೆದ, ಜೇಬಿನಿಂದ ಹಸಿರು ಪೆನ್ನು ತೆಗೆದು ತ್ರಿಕೋನ ಬರೆದ.

ಪ್ರೇಮಕ್ಕ ಎದ್ದು ನಿಂತು ನೇರವಾಗಿ ಕೇಳಿದಳು. ಆತ ಸ್ವಲ್ಪವೂ ನಾಚಲಿಲ್ಲ.

“ಹೌದ್ರೀ, ನಾನೇ ಬರ್ದೆ. ಏನೀಗ? ನಿಮ್ ಟೈಮ್ ಉಳಿಸ್ದೆ ಅಂದ್ಕೊಳ್ಳಿ. ರೊಟ್ಟಿ ಬಡಿಯೋರಿಗೆ ಯಾಕ್ ಬೇಕ್ರೀ ಪತ್ತೇದಾರಿ?”

ಅಸ್ಗರ್ ಪುಸ್ತಕದ ಧೂಳು ಒರೆಸುವುದನ್ನು ನಿಲ್ಲಿಸಿದ. ಪ್ರೇಮಕ್ಕ ಹನ್ನೊಂದು ಪುಸ್ತಕಗಳನ್ನೂ ಮತ್ತೆ ಕಪಾಟಿಗೆ ಸೇರಿಸಿದಳು. ಆ ಮಾತನ್ನು ಮಾತ್ರ ಹಾಗೆಯೇ ಎತ್ತಿಟ್ಟುಕೊಂಡಳು.

ಮಾಘ ಮಾಸದವರೆಗೆ ಅವಕಾಶ ಒದಗಲಿಲ್ಲ. ಮೂರು ಭಾಗದ ಒಂದು ಕಾದಂಬರಿಯಿತ್ತು. ಬ್ರಿಟಿಷರ ದಂಡಿನ ಕಾಲದ ಬಂಗಲೆ, ಬೀಗ ಹಾಕಿದ ಕೋಣೆ, ಒಳಗೆ ಗೆಜ್ಜೆಯ ಸದ್ದು. ಎರಡು ಭಾಗ ಓದಿದ ಪ್ರೇಮಕ್ಕ, ಗೆಜ್ಜೆ ಕಟ್ಟಿದವರು ಯಾರೆಂದು ತಿಳಿಯಲು ಎರಡು ವರ್ಷದಿಂದ ಕಾದಿದ್ದಳು. ಪ್ರಭುಲಿಂಗನೂ ಕಾದಿದ್ದ. ಮಾಘದ ಒಂದು ಶನಿವಾರ ಅದರ ಮೂರನೆಯ ಭಾಗ ಅಂಗಡಿಗೆ ಬಂದಿತ್ತು.

“ಸಾರ್ ಮೊದ್ಲೇ ಹೇಳಿಟ್ಟಿದ್ದಾರೆ ಅಕ್ಕಾ, ಈಗ ಬಂದ್ಬಿಡ್ತಾರೆ. ಸುಮ್ನೆ ಮುಟ್ಟಿ ನೋಡ್ಬಿಟ್ಟು ಕೊಡಿ,” ಎಂದು ಅಸ್ಗರ್ ಪುಸ್ತಕ ಅವಳ ಕೈಗಿತ್ತು ಚಹಾ ತರಲು ಎದುರಿನ ಹೋಟೆಲಿಗೆ ಹೋದ.

ಹೊಸ ಕಾಗದದ ವಾಸನೆ ಮೂಗಿಗೆ ಬಡಿಯಿತು. ಒಂದು ವಾರ ತಾಳಿದರೆ ಪುಸ್ತಕ ತನ್ನ ಸರದಿಗೆ ಬರುತ್ತದೆ, ಮೊದಲ ಪುಟದಲ್ಲಿ ಹಸಿರು ಶಾಯಿಯೊಂದಿಗೆ. ಇಂದೇ ಸೇಡು ತೀರಿಸಬೇಕೆಂದರೆ ಗೆಜ್ಜೆಯ ಗುಟ್ಟು ತಿಳಿದಿರಬೇಕು. ಅದು ಇರುವುದು ಕೊನೆಯ ಪುಟದಲ್ಲಿ. ಬದುಕಿನಲ್ಲಿ ಒಮ್ಮೆಯೂ ಅವಳು ಮೊದಲೇ ಕೊನೆಯ ಪುಟ ನೋಡಿದವಳಲ್ಲ.

ರೊಟ್ಟಿ ಬಡಿಯೋರಿಗೆ ಯಾಕ್ ಬೇಕ್ರೀ ಪತ್ತೇದಾರಿ.

ಕೊನೆಯ ಪುಟ ತೆರೆದಳು. ಓದಿದಳು. ಊಹಿಸಲು ಸಾಧ್ಯವೇ ಇರದಂಥ ಹೆಸರು ಅದು. ಓದದವರು ಇರಬಹುದಾದ್ದರಿಂದ ಅದನ್ನು ಇಲ್ಲಿ ಹೇಳುವುದು ಧರ್ಮವಲ್ಲ. ಮೇಜಿಗೆ ದಾರದಿಂದ ಕಟ್ಟಿದ್ದ ಪೆನ್ನಿನಿಂದ ಆ ಹೆಸರನ್ನು ನಲವತ್ತನೆಯ ಪುಟದ ಮೂಲೆಯಲ್ಲಿ, ತ್ರಿಕೋನ ಬೀಳಬೇಕಾದ ಜಾಗದಲ್ಲಿ ದಪ್ಪಕ್ಷರದಲ್ಲಿ ಬರೆದು, ಪುಸ್ತಕವನ್ನು ಮೊದಲಿದ್ದಲ್ಲಿಯೇ ಇಟ್ಟಳು.

ಪ್ರಭುಲಿಂಗ ಬಂದ. ಬೆರಳಿಗೆ ಎಂಜಲು ಹಚ್ಚಿದ, ಪುಟ ತೆರೆದ. ಪೆನ್ನಿನ ಮುಚ್ಚಳ ಹಲ್ಲಿನ ನಡುವೆಯೇ ನಿಂತಿತು. ಕಣ್ಣು ಮುಚ್ಚಿಕೊಂಡ, ತಡವಾಗಿತ್ತು. ಮುಖ ಹಿಂಡಿದ ಬಟ್ಟೆಯಂತಾಯಿತು.

“ಯಾರ್ರೀ... ಎರಡ್ ವರ್ಷ ಕಾದಿದ್ದೆ ಕಣ್ರೀ ಇದಕ್ಕೆ!”

“ನಿಮ್ ಟೈಮ್ ಉಳೀತಲ್ರೀ ಸರ,” ಎಂದಳು ಪ್ರೇಮಕ್ಕ.

ಚಹಾ ಹಿಡಿದು ಬಂದ ಅಸ್ಗರ್ ಬಾಗಿಲಲ್ಲೇ ನಿಂತು ನಕ್ಕುಬಿಟ್ಟ.

ಅಂದಿನಿಂದ ಯಾವ ಪುಸ್ತಕದಲ್ಲೂ ಹೊಸದಾಗಿ ಹಸಿರು ಬರಹ ಕಾಣಿಸಲಿಲ್ಲ. ಯುಗಾದಿಯ ಹಿಂದಿನ ದಿನ ಕ್ಯಾಲೆಂಡರಿನ ಹಿಂಬದಿಯಲ್ಲಿ ನಲವತ್ತೊಂಬತ್ತು ಹೆಸರುಗಳಿದ್ದವು. ಗೆಜ್ಜೆಯ ಪುಸ್ತಕವನ್ನು ಅವಳು ಒಯ್ದಿದ್ದಳು, ಹತ್ತು ಪುಟ ದಾಟಲಾಗಲಿಲ್ಲ; ಕತೆಯಲ್ಲಿ ಆ ವ್ಯಕ್ತಿ ಬಾಯಿ ತೆರೆದಾಗಲೆಲ್ಲ ಪುಸ್ತಕ ಮುಚ್ಚಿಡುವಂತಾಗುತ್ತಿತ್ತು.

“ನಕ್ಷತ್ರ ಹಾಕಿಲ್ವಲ್ಲ ಅಕ್ಕಾ?” ಎಂದ ಅಸ್ಗರ್.

“ಹೆಸರು ಮರೀಲಿ ತಡೀರಿ. ಆಮ್ಯಾಲ ಓದ್ತೀನಿ.”

ಈಗಲೂ ಮರೆಯಲು ಕಾಯುತ್ತಿದ್ದಾಳೆ. ಆದರೆ ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಸಿಕ್ಕಿಹಾಕಿಕೊಂಡಾಗ, ಹಲ್ಲಿನ ನಡುವೆ ಪೆನ್ನಿನ ಮುಚ್ಚಳ ಕಚ್ಚಿಕೊಂಡ ಆ ಮುಖವನ್ನು ನೆನೆದು ಒಬ್ಬಳೇ ನಗುತ್ತಾಳೆ. ಮುಖದ ಹಿಂದೆಯೇ ಹೆಸರೂ ಬಂದುಬಿಡುತ್ತದೆ.