ಅಮ್ಮನ ಕಿಡ್ನಿ, ಪಾಟ್ಟಿಯ ಸರ

ಅಮ್ಮ ನನಗೆ ತನ್ನದೊಂದು ಕಿಡ್ನಿ ಕೊಟ್ಟ ಮೇಲೆ, ಅದನ್ನು ಮದುವೆ ಮಾಡಿಕೊಟ್ಟ ಮಗಳ ಹಾಗೆ ವಿಚಾರಿಸಿಕೊಳ್ಳುತ್ತಿದ್ದಳು. ಬೆಳಿಗ್ಗೆ ಎದ್ದರೆ ನಾನು ಹೇಗಿದ್ದೇನೆಂದು ಕೇಳುವುದಿಲ್ಲ. "ನನ್ ಕಿಡ್ನಿ ಎಂಗೈತೇ? ಅದುಕ್ಕೆ ನೀರ್ ಕೊಟ್ಟಾ?" ಉಪ್ಪಿನಕಾಯಿ ಜಾಡಿಗೆ ಕೈ ಹಾಕಿದರಂತೂ ಮುಗಿಯಿತು. "ನಿನ್ ಬಾಯಿಚಪಲಕ್ಕೆ ನನ್ ಕಿಡ್ನಿ ಆಳ್ ಮಾಡ್ತೀಯೇನೇ ಮೂದೇವಿ?"

ಇದು ತೊಂಬತ್ತರ ಆಸುಪಾಸಿನ ಮಾತು. ನಾವಿದ್ದದ್ದು ಮೈಸೂರು ಮೈನ್ಸ್ ಅನ್ನುವ ಚಿನ್ನದ ಗಣಿಯ ಕೂಲಿಯವರ ಸಾಲುಮನೆಯಲ್ಲಿ, ನಮ್ಮ ಬಾಯಲ್ಲಿ ಲೈನ್ ಮನೆ. ಹೊಸ ಕಿಡ್ನಿಯನ್ನು ಮೈ ಒದ್ದೋಡಿಸದಿರಲಿ ಎಂದು ಬೆಂಗಳೂರಿನ ಡಾಕ್ಟರು ಮಾತ್ರೆ ಕೊಟ್ಟಿದ್ದರು. ಆ ಮಾತ್ರೆ ನುಂಗುವವರಿಗೆ ಸೋಂಕು ಬೇಗ ತಗಲುತ್ತದೆ ಅಂತಲೂ ಎಚ್ಚರಿಸಿದ್ದರು. ಅಷ್ಟು ಸಾಕಾಯಿತು ಅಮ್ಮನಿಗೆ. ಬಾಗಿಲಲ್ಲೇ ಕೂತು, ಕೆಮ್ಮಿದವರನ್ನೆಲ್ಲ ಪೊರಕೆ ತೋರಿಸಿ ಓಡಿಸುತ್ತಿದ್ದಳು. ನನ್ನ ಸೋದರಮಾವನೇ ಒಮ್ಮೆ ಸೀನಿದ ತಪ್ಪಿಗೆ ಕಾಫಿಯೂ ಇಲ್ಲದೆ ಬಂಗಾರಪೇಟೆಗೆ ವಾಪಸಾಗಿದ್ದ.

ಇಷ್ಟೆಲ್ಲ ಕಾವಲಿದ್ದರೂ ಒಂದು ದಿನ ನನ್ನ ಕತ್ತಿನ ಪಕ್ಕ ಗಂಟೊಂದು ಎದ್ದಿತು. ನೋವಿಲ್ಲ, ಜ್ವರ ಮಾತ್ರ ಬಂದು ಹೋಗುತ್ತಿತ್ತು. ಎದುರು ಮನೆಯಲ್ಲಿ ಒಬ್ಬ ತಮಿಳು ಅಜ್ಜಿ, ಇಡೀ ಲೈನಿಗೇ ಪಾಟ್ಟಿ. ಗಂಟು ಮುಟ್ಟಿ ನೋಡಿ ತೀರ್ಪು ಕೊಟ್ಟಳು: "ಅಯ್ಯಯ್ಯೋ, ಇದು ಮಂಗನಬಾವು ಕಣಮ್ಮಾ. ಚಿನ್ನ ಆಕಿದ್ರೆ ತಾನೇ ಇಳ್ದೋಗ್ತದೆ."

ನಮ್ಮ ಕಡೆ ಮಂಗನಬಾವಿಗೆ ಅದೇ ಮದ್ದು, ಕತ್ತಿಗೊಂದು ಚಿನ್ನದ ಸರ. ಅದಕ್ಕೆಲ್ಲ ಡಾಕ್ಟರ ಹತ್ತಿರ ಹೋಗುವವರೇ ಇರಲಿಲ್ಲ. ಲೈನಿನ ಗಂಡಸರೆಲ್ಲ ಪಾತಾಳಕ್ಕಿಳಿದು ಚಿನ್ನ ಅಗೆಯುವವರೇ. ಮೇಲೆ ಮಾತ್ರ ಮದ್ದಿಗೆ ಸಿಗುತ್ತಿದ್ದದ್ದು ಪಾಟ್ಟಿಯದೊಂದೇ ಸರ. ಎಷ್ಟು ಮಕ್ಕಳ ಕತ್ತು ಸುತ್ತಿ ಬಂದಿತ್ತೋ, ಬೇವಿನೆಣ್ಣೆ ವಾಸನೆ ಹೊಡೆಯುತ್ತಿತ್ತು. ನನಗೋ ಒಳಗೊಳಗೇ ಖುಷಿ. ಮದುವೆಯಾಗದ ಹುಡುಗಿ, ಪುಕ್ಕಟೆ ಚಿನ್ನ ಬೇಡ ಅಂತೀನಾ? ಕನ್ನಡಿ ಬಿಟ್ಟು ಏಳಲಿಲ್ಲ. ಗಂಟಿಗೂ ಚಿನ್ನ ಇಷ್ಟವಾಯಿತೇನೋ, ನಿಂಬೆಹಣ್ಣಿನಷ್ಟು ಉಬ್ಬಿ ಕೂತಿತು.

ಆಗ ಅಮ್ಮ ಹೆದರಿ ಮಾರಿಕುಪ್ಪಂ ಟ್ರೇನಿನಲ್ಲಿ ನನ್ನನ್ನು ಬೆಂಗಳೂರಿಗೆ ಕರೆದೊಯ್ದಳು. ಡಾಕ್ಟರು ಸರ ನೋಡಿದರು, ಗಂಟು ನೋಡಿದರು. ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮಂಗನಬಾವಲ್ಲ. ಚಿಕ್ಕಂದಿನಲ್ಲೇ ಬಹಳ ಜನರ ಮೈ ಸೇರಿ ತೆಪ್ಪಗೆ ಮಲಗಿರುವ ಒಂದು ವೈರಸ್ ಇದೆಯಂತೆ. ಮಾತ್ರೆಗಳು ಮೈಯ ಕಾವಲುಗಾರರನ್ನು ಮಲಗಿಸಿದಾಗ ಅದು ಎದ್ದು, ರಕ್ತದ ಬಿಳಿಕಣಗಳನ್ನು ಲಂಗುಲಗಾಮಿಲ್ಲದೆ ಬೆಳೆಸುತ್ತದಂತೆ. ಹಾಗೇ ಬಿಟ್ಟರೆ ಕ್ಯಾನ್ಸರ್ ಆಗಿ ಜೀವ ತೆಗೆಯಬಹುದು.

"ಮಾತ್ರೆ ಕಡಿಮೆ ಮಾಡಬೇಕು," ಅಂದರು ಡಾಕ್ಟರು. "ಗಂಟು ಕರಗಬಹುದು. ಆದರೆ ಕಿಡ್ನಿ ಉಳಿಯುತ್ತೆ ಅಂತ ಹೇಳಲಾರೆ."

ನಾನು ಅಮ್ಮನ ಮುಖ ನೋಡಲಾರದೆ ಸರದ ಕೊಂಡಿ ತಿರುವುತ್ತ ಕೂತೆ. ಒಂದು ಚೂರು ಉಪ್ಪಿನಕಾಯಿಗೇ ಅಷ್ಟು ಬೈದವಳು! ದೇವರಾಣೆ, ಸಾಯುವುದಕ್ಕಿಂತ ಅವಳ ಕಿಡ್ನಿ ಕಳೆಯುವುದಕ್ಕೇ ನನಗೆ ಹೆಚ್ಚು ಭಯವಾಗಿತ್ತು.

"ಓದ್ರೆ ಓಗ್ಲಿ ಬುಡಿ ಸಾ," ಅಂದಳು ಅಮ್ಮ. "ಇವಳೇ ಇಲ್ದಿದ್ರೆ ಕಿಡ್ನಿ ಇಟ್ಕೊಂಡು ನಾನೇನ್ ಮಾಡ್ಲಿ?"

ಮಾತ್ರೆ ಇಳಿಸಿದರು. ಗಂಟು ಬರಬರುತ್ತ ಕಡಲೆಬೀಜದಷ್ಟಾಗಿ, ಆಮೇಲೆ ಕೈಗೇ ಸಿಗಲಿಲ್ಲ. ಕಿಡ್ನಿ ಸ್ವಲ್ಪ ದಿನ ಮುನಿಸಿಕೊಂಡಿದ್ದು ದಾರಿಗೆ ಬಂತು. ಪಾಟ್ಟಿ ಸರ ವಾಪಸು ಹಾಕಿಕೊಂಡು ಲೈನೆಲ್ಲ ಸಾರಿಬಂದಳು: "ಬೆಂಗ್ಳೂರ್ ಡಾಕ್ಟ್ರು ಕೈಲಿ ಆಗ್ದಿದ್ದು ನನ್ ಸರ ಮಾಡ್ತು!" ನಾನು ವೈರಸ್ ಪುರಾಣ ಬಿಚ್ಚಲು ಹೋದರೆ ಅಮ್ಮ ತೊಡೆ ಚಿವುಟಿದಳು. "ಸುಮ್ಕಿರೇ. ಆಯಮ್ಮನ್ಗೂ ಒಸಿ ಪುಣ್ಯ ಬರ್ಲಿ."

ಆಮೇಲೆ ಒಂದು ಚೊಂಬು ನೀರು ತಂದು ಎದುರಿಗಿಟ್ಟಳು. "ಕುಡಿ."

"ಯಾರ್ ಕಿಡ್ನಿಗಮ್ಮಾ?" ಎಂದು ಕೆಣಕಿದೆ.

"ನಿಂದೇ ಕಣೇ," ಅಂದಳು. ಅಲ್ಲಿಂದಾಚೆ ಒಂದು ಸಲವೂ ಅವಳು ಅದನ್ನು ತನ್ನದೆನ್ನಲಿಲ್ಲ.